ಎಂಟರ್ ಒತ್ತುವ ಮುನ್ನ

ನನ್ನ ಮೇಜಿನ ಎದುರಿನ ಗೋಡೆಯ ಮೇಲೆ ನಾನೇ ಬರೆದು ಅಂಟಿಸಿದ ಚೀಟಿಯಿದೆ: ‘rm ಹೊಡೆಯುವ ಮುಂಚೆ hostname ಹೊಡೆ.’ ಯಾವ ಸರ್ವರ್‌ನಲ್ಲಿದ್ದೀಯೆಂದು ನೋಡಿಕೊಂಡು ಆಮೇಲೆ ಅಳಿಸು ಎಂದರ್ಥ. ಇದನ್ನೇ ಹೇಳಿ ಹೇಳಿ ಎಲ್ಲರ ತಲೆ ತಿಂದಿದ್ದಕ್ಕೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ನನಗೆ ‘ಹೋಸ್ಟ್‌ನೇಮ್ ಅತ್ತೆ’ ಎಂಬ ಬಿರುದು ಬಂದಿದೆ.

ಇವತ್ತು ಹನ್ನೊಂದೂವರೆಗೆ ಆ ಅತ್ತೆಯೇ ಎಡವಿದಳು. ಪ್ರಯೋಗಕ್ಕೆ ಇಟ್ಟ ಸರ್ವರ್ ಎಂದುಕೊಂಡು ಲ್ಯಾಬಿನ ಅಸಲಿ ಸರ್ವರ್‌ನಲ್ಲಿ rm ಹೊಡೆದೆ. ಬೆಳಗ್ಗೆಯಿಂದ ಮಾಡಿದ ಮುನ್ನೂರ ಹನ್ನೆರಡು ರಕ್ತಪರೀಕ್ಷೆಗಳ ಫಲಿತಾಂಶವಿದ್ದ ಫೈಲ್ ಮಾಯವಾಯಿತು. ಬ್ಯಾಕಪ್ ಆಗುವುದು ಸಂಜೆಗೆ. ಅಷ್ಟೂ ಜನರನ್ನು ವಾಪಸ್ ಕರೆಸಿ ಮತ್ತೆ ಸೂಜಿ ಚುಚ್ಚಿಸಬೇಕೇ?

ಒಂದೇ ಒಂದು ಆಸೆ ಉಳಿದಿತ್ತು. rm ಅಳಿಸುವುದು ಫೈಲಿನ ಹೆಸರನ್ನು ಮಾತ್ರ. ಲ್ಯಾಬಿನ ಪ್ರೋಗ್ರಾಂ ಆ ಫೈಲನ್ನು ತೆರೆದು ಹಿಡಿದುಕೊಂಡಿರುವ ತನಕ ಒಳಗಿರುವುದಕ್ಕೆ ಏನೂ ಆಗುವುದಿಲ್ಲ. ಪ್ರೋಗ್ರಾಂ ಮುಚ್ಚಿತೋ, ಎಲ್ಲ ಖಲ್ಲಾಸ್. ಯಾವ ಪ್ರೋಗ್ರಾಂ ಏನನ್ನು ಹಿಡಿದುಕೊಂಡಿದೆಯೆಂದು ತೋರಿಸುವ lsof ಹೊಡೆದೆ. ಹಳೇ ಸರ್ವರ್, ಉತ್ತರ ಕೊಡಲು ಮೀನಮೇಷ ಎಣಿಸುತ್ತಿತ್ತು.

ಫೋನ್ ರಿಂಗಾಯಿತು. ಮೇಲಿನ ಮಹಡಿಯ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಅಕ್ಕ.

“ರಿಪೋರ್ಟ್ ಪ್ರಿಂಟೇ ಆಗ್ತಿಲ್ಲಮ್ಮ. ಹೊರಗೆ ಜನ ನಿಂತಿದಾರೆ. ಪ್ರೋಗ್ರಾಂ ರೀಸ್ಟಾರ್ಟ್ ಮಾಡ್ತೀನಿ.”

“ಬೇಡ ಅಕ್ಕ.”

“ಯಾಕೆ? ಯಾವಾಗ್ಲೂ ಹಾಗೇ ತಾನೆ ಸರಿಹೋಗೋದು?”

ಏನೋ ಅಪ್‌ಡೇಟ್ ನಡೆಯುತ್ತಿದೆ ಎನ್ನುವ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಕಣ್ಣೆದುರಿಗೆ ಚೀಟಿಯಿತ್ತು. ನಾಚಿಕೆಯಿಂದ ಹಿಡಿಯಾಗಿಹೋದೆ.

“ಬೆಳಗ್ಗಿನ ರಿಸಲ್ಟೆಲ್ಲ ನಾನೇ ಅಳಿಸ್ಬಿಟ್ಟೆ ಅಕ್ಕ. ರೀಸ್ಟಾರ್ಟ್ ಮಾಡಿದ್ರೆ ವಾಪಸ್ ಬರಲ್ಲ. ಯಾರೂ ಏನೂ ಮುಟ್ಟದ ಹಾಗೆ ನೋಡ್ಕೊಳ್ಳಿ.”

ಅಷ್ಟರಲ್ಲಿ ಪರದೆಯಲ್ಲಿ ಸಾಲು ಮೂಡಿತು: ಪ್ರೋಗ್ರಾಂ ನಂಬರ್ 2847, ಫೈಲ್ ನಂಬರ್ 4, ಪಕ್ಕದಲ್ಲಿ deleted. ಅಳಿಸಿದ ಫೈಲನ್ನು ಪ್ರೋಗ್ರಾಂ ಇನ್ನೂ ಬಿಟ್ಟಿರಲಿಲ್ಲ. ಈ ಸಲ ಮೊದಲು hostname ಹೊಡೆದೆ. ಆಮೇಲೆ ಅದನ್ನು ನಕಲು ಮಾಡಲು cp /proc/2847/fd/4 ಎಂದು ಬರೆದು, ನಕಲು ಇಡುವ ಜಾಗವನ್ನು ಎರಡೆರಡು ಸಲ ಓದಿ ಎಂಟರ್ ಒತ್ತಿದೆ. ಪರೀಕ್ಷೆಗೊಂದರಂತೆ ಇರುವ ಸಾಲುಗಳನ್ನು ಎಣಿಸಲು wc -l ಹೊಡೆದೆ. ಉತ್ತರ 312 ಎಂದು ಬಂತು.

“ಬಂತು ಅಕ್ಕ, ಅಷ್ಟೂ ಬಂತು” ಎಂದೆ.

ಅಕ್ಕ ದೊಡ್ಡದೊಂದು ಉಸಿರು ಬಿಟ್ಟರು.

“ಬೆರಳು ರೀಸ್ಟಾರ್ಟ್ ಬಟನ್ ಮೇಲೇ ಇತ್ತು ಕಣಮ್ಮ. ನೀನು ಅಪ್‌ಡೇಟು ಗಿಪ್‌ಡೇಟು ಅಂದಿದ್ರೆ ಒತ್ತೇ ಬಿಡ್ತಿದ್ದೆ. ನಿಮ್ಮೋರು ದಿನಾ ಹಾಗೇ ಅಂತಾರೆ.”