ಬಸ್ಸಿಗೆ ಕೈ ತೋರಿಸುವ ತಾತ

ಮದ್ದೂರಿನಲ್ಲಿ ನಾನು ಹೊಲಿಗೆ ಕಲಿಸುತ್ತೇನೆ. ಕಲಿತವರಿಗೆ ಗಾರ್ಮೆಂಟ್ಸಿನಲ್ಲಿ ಕೆಲಸ ಹುಡುಕುವುದೂ ನನ್ನದೇ ತಲೆನೋವು. ಗಂಡ ಸತ್ತ ಮೇಲೆ ಕೂಲಿ ಸಿಕ್ಕ ದಿನ ಮಾತ್ರ ಒಲೆ ಹಚ್ಚುತ್ತಿದ್ದ ಚಿಕ್ಕಬೋರಮ್ಮನಿಗೆ ಅಲ್ಲೊಂದು ಮಿಷನ್ನಿನ ಕೆಲಸ ಕೊಡಿಸಿದೆ. ಮೂರು ತಿಂಗಳು ದಾಟಿದರೆ ಪರ್ಮನೆಂಟು. ಅಷ್ಟರಲ್ಲಿ ಮೂರು ಸಲ ತಡವಾದರೆ ಮನೆಗೆ.

ಮೊದಲ ತಿಂಗಳಲ್ಲೇ ಎರಡು ಸಲ ಆಗಿಹೋಯಿತು. ಅವಳೂರು ಚಿಕ್ಕರಸಿನಕೆರೆ ಹತ್ತಿರ. ಹೆಂಗಸರಿಗೆ ಬಸ್ಸು ಬಿಟ್ಟಿಯಲ್ಲವೇ, ಊರ ಗೇಟಿನ ಸ್ಟಾಪಿನಲ್ಲಿ ಬರೀ ಹೆಂಗಸರು ನಿಂತಿದ್ದರೆ ಬೆಳಗಿನ ಡ್ರೈವರ್ ನಿಲ್ಲಿಸುವುದೇ ಇಲ್ಲ. ಅರ್ಜಿ ಬರೆದೆ, ಜಗಳವಾಡಿದೆ. ಯಾರೂ ಕ್ಯಾರೇ ಅನ್ನಲಿಲ್ಲ.

ಆಮೇಲೆ ನನ್ನ ಅತಿಬುದ್ಧಿ ಓಡಿತು. ಗೇಟಿನೆದುರು ಮನೆಯ ಮುದುಕ ಕೆಂಪಸಿದ್ದಯ್ಯನನ್ನು ಕೇಳಿದೆ. "ಬಿಳಿ ಷರ್ಟು ಹಾಕ್ಕೊಂಡು, ಬ್ಯಾಗು ಹಿಡ್ಕೊಂಡು ಕೈ ತೋರಿಸಿ ತಾತ, ಸಾಕು."

"ಅಷ್ಟೇ ತಾನೇ? ನಿಂತ್ಕತೀನಿ ಬುಡಮ್ಮ."

ಮಾರನೇ ದಿನ ಬಸ್ಸು ನಿಂತಿತು, ಚಿಕ್ಕಬೋರಮ್ಮ ಹತ್ತಿದಳು. ತಾತ "ಕನ್ನಡಕ ಮರ್ತೆ, ನೀವು ಓಗಿ" ಅಂದು ಹಿಂದೆ ಸರಿದ. ಒಂದು ದಿನ ಕನ್ನಡಕ, ಒಂದು ದಿನ ಎಲೆಯಡಿಕೆ ಚೀಲ, ಒಂದು ದಿನ ಹಲ್ಲಿನ ಸೆಟ್ಟು. ಹತ್ತಿರ ಹತ್ತಿರ ಎರಡು ತಿಂಗಳು ಹೀಗೇ ನಡೆಯಿತು. ಅವಳು ಹೇಳಿದಾಗಲೆಲ್ಲ ಬಿದ್ದು ಬಿದ್ದು ನಗುತ್ತಿದ್ದೆ. ಆ ನಗು ನೆನೆದರೆ ಈಗ ನಾಚಿಕೆಯಾಗುತ್ತದೆ.

ಪರ್ಮನೆಂಟಾಗಲು ನಾಲ್ಕೇ ದಿನ ಉಳಿದಿತ್ತು. ಅವತ್ತು ತಾತ ಕೈ ಎತ್ತಿದರೂ ಬಸ್ಸು ನಿಧಾನವಾಗಲಿಲ್ಲ. ದಿನಾ ನಿಲ್ಲಿಸಿ ಹತ್ತದೆ ಆಟವಾಡಿಸುವ ಮುದುಕನನ್ನು ಡ್ರೈವರ್ ಗುರುತು ಹಿಡಿದಿದ್ದ. ಮುಂದಿನ ಬಸ್ಸಿನಲ್ಲಿ ಅವಳು ತಲುಪುವಷ್ಟರಲ್ಲಿ ಮುಕ್ಕಾಲು ಗಂಟೆ ತಡ. ಫ್ಯಾಕ್ಟರಿ ಬಾಗಿಲಲ್ಲೇ ಕಾರ್ಡು ಕಿತ್ತುಕೊಂಡರು. ನಾನು ಹೋಗಿ ಅತ್ತೆ. "ರೂಲ್ಸು ಮೇಡಂ" ಅಂದ ಮ್ಯಾನೇಜರ್.

ಮುಂದಿನ ವಾರ ಬೆಳಿಗ್ಗೆ ಅವಳೂರಿಗೆ ಹೋದೆ. ಕಬ್ಬು ಕಡಿಯುವ ಮಚ್ಚು ಹಿಡಿದು ಗೇಟಿನಲ್ಲಿ ನಿಂತಿದ್ದಳು. ತಾತ ಜಗಲಿಯಲ್ಲಿ ಕೂತಿದ್ದ, ತಲೆ ಎತ್ತಲಿಲ್ಲ. ಮಂಡ್ಯದ ಆಸ್ಪತ್ರೆಗೆ ಹೋಗಬೇಕೆಂದರೂ ಈಗ ಅವನಿಗೆ ಆ ಬಸ್ಸು ನಿಲ್ಲುವುದಿಲ್ಲವಂತೆ. ಒಳ್ಳೆಯದು ಮಾಡಲು ಹೋಗಿ ಇಬ್ಬರಿಗೂ ಕೆಟ್ಟದ್ದು ಮಾಡಿದ್ದೆ.

"ಬೇರೆ ಕಡೆ ವಿಚಾರಿಸ್ತೀನಿ ಬೋರಮ್ಮ."

"ಬ್ಯಾಡ ಬುಡಿ ಸುರಯ್ಯಾ ಮೇಡಮ್ಮೋರೆ. ಇನ್ನೊಂದ್ಸತಿ ಆಸೆ ಇಟ್ಕಳಕ್ಕೆ ನನ್ ಕೈಲಾಗಕಿಲ್ಲ."

ಅಷ್ಟರಲ್ಲಿ ಕೂಲಿಯವರ ಟೆಂಪೋ ಬಂತು. ಯಾರೂ ಕೈ ತೋರಿಸಲಿಲ್ಲ. ಅದು ಅವಳ ಕಾಲ ಬುಡಕ್ಕೇ ಬಂದು ನಿಂತಿತು.