ಸೂಜಿಗೆ ಹೋದ ಸೀಸೆ

ಆ ಇಸ್ತ್ರಿ ಅಂಗಡಿಯಲ್ಲಿ ತುಕ್ಕು ಹಿಡಿಯದ ವಸ್ತುವೇ ಇರಲಿಲ್ಲ. ಬಾಗಿಲ ಚಿಲಕ, ಹ್ಯಾಂಗರಿನ ಕೊಕ್ಕೆ, ಗೋಡೆಯ ಮೊಳೆ, ಎಲ್ಲಕ್ಕೂ ಒಂದೇ ಕೆಂಪು. ಬಟ್ಟೆಯಿಂದ ಏಳುವ ಹಬೆ ಆ ಒಂದೂವರೆ ಕೋಣೆಯಲ್ಲೇ ಸುತ್ತಾಡಿ, ಹೊರಗೆ ಹೋಗಲು ದಾರಿ ಕಾಣದೆ ಕಪಾಟು ಸೇರುತ್ತಿತ್ತು. ಬಾಗಿಲು ಹಾಕಿದ ಹಿಂದಿನ ಒಳಕೋಣೆಯೇ ಅವರ ಮನೆ. ಅಪ್ಪ ಇಸ್ತ್ರಿ ಮಾಡುತ್ತಿದ್ದ. ಅಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತು ಹರಿದದ್ದನ್ನು ಹೊಲಿಯುತ್ತಿದ್ದಳು, ಕಿತ್ತುಬಂದ ಗುಂಡಿ ಹಾಕುತ್ತಿದ್ದಳು. ಅಮ್ಮನ ತಕರಾರು ಯಾವಾಗಲೂ ಸೂಜಿಯದು. ತಂದ ಕೆಲವೇ ದಿನಕ್ಕೆ ತುಕ್ಕು ಹಿಡಿದು ಬಿಳಿ ಶರ್ಟಿನ ಮೇಲೆ ಕಲೆ ಬಿಡುತ್ತಿತ್ತು. ಗಿರಾಕಿಯ ಬಾಯಿಗೆ ಸಿಕ್ಕುವವಳು ಅಮ್ಮ.

ಈಚೆಗೆ ಆ ತಕರಾರು ನಿಂತಿತ್ತು. ಬಿಗಿ ಮುಚ್ಚಳದ ಪುಟ್ಟ ಪ್ಲಾಸ್ಟಿಕ್ ಸೀಸೆಯೊಂದು ಅವಳಿಗೆ ಸಿಕ್ಕಿತ್ತು. ಅದರಲ್ಲಿಟ್ಟ ಸೂಜಿ ಹೊಚ್ಚಹೊಸದರಂತೆ ಹೊಳೆಯುತ್ತಿತ್ತು. ಬಂದವರಿಗೆಲ್ಲ ತೆಗೆದು ತೋರಿಸಿ, ನಮ್ಮ ಮನೆಯಲ್ಲಿ ಬೆವರದೇ ಇರುವುದು ಇದೊಂದೇ ಎಂದು ನಗುತ್ತಿದ್ದಳು.

ಮಗಳು ರಸಾಯನಶಾಸ್ತ್ರ ಓದಿ, ಸಂಶೋಧನೆ ಮಾಡಿ, ಈಗ ಊರಾಚೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಅಪ್ಪ ಅವಳನ್ನು ‘ಮಾತ್ರೆ ಕೊಡದ ಡಾಕ್ಟರಮ್ಮ’ ಎಂದು ಕರೆಯುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ ಬಂದಾಗ ಬೆರಳು ಚುಚ್ಚಿ ನೋಡುವ ಶುಗರ್ ಮಿಷನ್ ತಂದುಕೊಟ್ಟವಳು ಅವಳೇ. ಅದು ಹೇಗೆ ಲೆಕ್ಕ ಹಾಕುತ್ತದೆ ಎಂದು ಅಪ್ಪ ಕೇಳಿದ್ದಕ್ಕೆ, ರಕ್ತದ ಹನಿ ತಾಗಿಸಲು ಮಿಷನ್ನಿಗೆ ಸಿಕ್ಕಿಸುವ ಪಟ್ಟಿ, ಅಂದರೆ ಸ್ಟ್ರಿಪ್ಪಿನ ತುದಿಯಲ್ಲಿ ಕಿಣ್ವ ಅನ್ನುವ ವಸ್ತು ಒಣಗಿ ಕೂತಿರುತ್ತದೆ, ರಕ್ತದ ಸಕ್ಕರೆ ತಾಗಿದೊಡನೆ ಅದು ಕೆಲಸ ಶುರುಮಾಡುತ್ತದೆ, ಆಗ ಸಣ್ಣಗೆ ವಿದ್ಯುತ್ ಹರಿಯುತ್ತದೆ ಎಂದು ಬಿಡಿಸಿ ಹೇಳಿದ್ದಳು. ಮಿಷನ್ ಅಳೆಯುವುದು ಆ ವಿದ್ಯುತ್ತನ್ನು. ಸಕ್ಕರೆ ಎಷ್ಟೆಂದು ಅದರಿಂದ ಲೆಕ್ಕ ಹಾಕುತ್ತದೆ.

ಅವಳ ಸಂಶೋಧನೆಯೂ ಇದೇ ಜಾತಿಯದು. ಒಂದು ಕೂದಲೆಳೆಯ ದಪ್ಪದಲ್ಲಿ ಸಾವಿರಾರು ಕೂರುವಷ್ಟು ಸಣ್ಣ ಚಿನ್ನದ ಕಣಗಳನ್ನು ಸ್ಟ್ರಿಪ್ಪಿಗೆ ಹಚ್ಚಿ, ಕಿಣ್ವ ಗಟ್ಟಿಯಾಗಿ ಕೂರುವಂತೆ, ವಿದ್ಯುತ್ ಸಲೀಸಾಗಿ ಹರಿಯುವಂತೆ ಮಾಡುವುದು. ನನ್ನ ಕಿವಿಗೆ ಗುಂಜಿ ಚಿನ್ನ ಇಲ್ಲ, ಇವಳು ಕಂಡವರ ರಕ್ತಕ್ಕೆ ಚಿನ್ನ ಹಚ್ಚುತ್ತಾಳೆ ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ಮಗಳಿಗೆ ತಲೆನೋವಾಗಿದ್ದದ್ದು ತೇವ. ತೇವ ತಾಗಿದರೆ ಸ್ಟ್ರಿಪ್ಪಿನ ಮೇಲಿನ ರಾಸಾಯನಿಕಗಳು ರಕ್ತ ಬೀಳುವ ಮೊದಲೇ ಕೆಡುತ್ತವೆ. ಆಮೇಲೆ ಅದು ಹೆಚ್ಚೂ ತೋರಿಸಬಹುದು, ಕಡಿಮೆಯೂ ತೋರಿಸಬಹುದು. ತೇವಕ್ಕೆ ಬಗ್ಗದ ಸ್ಟ್ರಿಪ್ ಮಾಡಬೇಕು ಎಂಬುದು ಅವಳ ಹಟ. ಇನ್ನೂ ಆಗಿರಲಿಲ್ಲ.

ಅಂದು ಬೆಳಗ್ಗೆ ಅವಳು ಮನೆ ಬಿಟ್ಟ ಮೇಲೆ ಅಪ್ಪನ ಕೈ ನಡುಗತೊಡಗಿತ್ತು. ಮೈಯೆಲ್ಲ ಬೆವರು. ಇಸ್ತ್ರಿ ಮೇಜಿನ ಮುಂದೆ ನಿಂತವನು ಬೆವರುವುದು ಹೊಸದಲ್ಲ, ಆದರೆ ಅವನು ಒಂದೇ ಪ್ಯಾಂಟನ್ನು ಮತ್ತೆ ಮತ್ತೆ ಮಡಿಸುತ್ತಿದ್ದ. ಅಮ್ಮನಿಗೆ ಅದು ಸರಿಕಾಣಲಿಲ್ಲ. ಬೆರಳು ಚುಚ್ಚಿ ನೋಡಿದರೆ ಮಿಷನ್ ಇನ್ನೂರ ತೊಂಬತ್ತು ಅಂದಿತು. ಇಷ್ಟು ಏರಿದರೆ ಇನ್ಸುಲಿನ್ ಇಷ್ಟು ಜಾಸ್ತಿ ಎಂದು ವೈದ್ಯರು ಹೇಳಿಕೊಟ್ಟಿದ್ದ ಲೆಕ್ಕದಂತೆ ಅವನು ಚುಚ್ಚಿಕೊಂಡ.

“ಒಂದು ಲೋಟ ಸಕ್ಕರೆ ನೀರು ಕುಡೀರಿ, ನಿಮ್ಮ ಮುಖ ನೋಡೋಕಾಗ್ತಿಲ್ಲ,” ಅಂದಳು ಅಮ್ಮ.

“ಇನ್ನೂರ ತೊಂಬತ್ತು ಇರೋನಿಗೆ ಸಕ್ಕರೆ ಕುಡಿಸ್ತೀಯಲ್ಲೇ. ನನ್ನ ಮೇಲೆ ಅಷ್ಟೊಂದು ಸಿಟ್ಟಾ?”

ಅಂದು ಅವನು ಆಡಿದ ಕೊನೆಯ ತಮಾಷೆ ಅದು. ಸ್ವಲ್ಪ ಹೊತ್ತಿಗೆ ಮೇಜಿನ ಮೇಲೇ ಕುಸಿದ. ಬಲಗೈ ಕಾದ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಸಿಕ್ಕಿತು. ಪ್ರಜ್ಞೆ ಇಲ್ಲದವನು ಕೈ ಎಳೆದುಕೊಳ್ಳಲಿಲ್ಲ. ಒಳಗೆ ನೀರು ತರಲು ಹೋಗಿದ್ದ ಅಮ್ಮನಿಗೆ ಮೊದಲು ಬಂದದ್ದು ವಾಸನೆ. ಬಟ್ಟೆ ಸುಡುತ್ತಿದೆ ಅಂದುಕೊಂಡಳು.

ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದಾಗ ಸಕ್ಕರೆ ನಲವತ್ತಕ್ಕಿಂತ ಕೆಳಗಿತ್ತು. ಮೊದಲೇ ಇಳಿದಿದ್ದದ್ದನ್ನು ಇನ್ಸುಲಿನ್ ಇನ್ನಷ್ಟು ಇಳಿಸಿತ್ತು. ಮಗಳು ಓಡಿಬರುವಷ್ಟರಲ್ಲಿ ಅಪ್ಪನಿಗೆ ನರದಲ್ಲಿ ಗ್ಲೂಕೋಸ್ ಹಾಕಿದ್ದರು, ಕೈಗೆ ಬಟ್ಟೆ ಸುತ್ತಿದ್ದರು. ಜೀವ ಉಳಿಯಿತು, ಬೆರಳುಗಳ ಮಾತು ಈಗಲೇ ಬೇಡ ಎಂದರು ವೈದ್ಯರು. ಅಲ್ಲಿದ್ದ ನರ್ಸಮ್ಮ, ಮನೆಯ ಮಿಷನ್ ಇನ್ನೂರ ತೊಂಬತ್ತು ತೋರಿಸಿತ್ತು ಎಂದು ಕೇಳಿ ಹುಬ್ಬು ಗಂಟಿಕ್ಕಿದಳು. ಮಿಷನ್ನನ್ನೂ ಸ್ಟ್ರಿಪ್ಪುಗಳನ್ನೂ ಇದ್ದಹಾಗೇ ತರಲು ಹೇಳಿ ಕಳಿಸಿದಳು.

ಮಗಳು ಅಂಗಡಿಯ ಬಾಗಿಲು ತೆಗೆದಳು. ಮೇಜಿನ ಮೇಲೆ ಅರ್ಧ ಮಡಿಸಿದ ಪ್ಯಾಂಟು ಹಾಗೇ ಬಿದ್ದಿತ್ತು. ಅದರಾಚೆಯ ಕಪಾಟಿನಲ್ಲಿ ಮಿಷನ್. ಪಕ್ಕದಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಸ್ಟ್ರಿಪ್ಪುಗಳು, ನೀಟಾಗಿ ಜೋಡಿಸಿಟ್ಟಿದ್ದವು. ಡಬ್ಬಿಯ ಒಳಮೈ ತಣ್ಣಗೆ, ಒದ್ದೆಯೊದ್ದೆಯಾಗಿತ್ತು. ಮೂಲೆಯಲ್ಲಿ ತುಕ್ಕು.

ಸ್ಟ್ರಿಪ್ಪಿನ ಸೀಸೆ ಎಲ್ಲಿ ಎಂದು ಹುಡುಕಬೇಕಾಗಲಿಲ್ಲ. ಅಮ್ಮನ ಸ್ಟೂಲಿನ ಹತ್ತಿರವೇ ಇತ್ತು. ಅಲ್ಲಾಡಿಸಿದರೆ ಸೂಜಿಗಳ ಸದ್ದು. ಇಷ್ಟು ದಿನ ಕಣ್ಣೆದುರಿಗೇ ಇದ್ದದ್ದು ಅದು. ಅಂಟಿಸಿದ್ದ ಚೀಟಿ ಹಬೆಗೆ ಎದ್ದುಹೋಗಿದ್ದರಿಂದ, ದಿನವೂ ಇಂಥದೇ ಸೀಸೆಗಳ ನಡುವೆ ಕೂರುವ ಅವಳಿಗೂ ಗುರುತು ಹತ್ತಿರಲಿಲ್ಲ.

ಅವಳು ಆ ಸ್ಟೂಲಿನ ಮೇಲೆ ಕೂತಳು. ಪ್ರಯೋಗಾಲಯದಲ್ಲಿ ತೇವ ತುಂಬಿದ ಪೆಟ್ಟಿಗೆಯೊಳಗೆ ಸ್ಟ್ರಿಪ್ ಇಟ್ಟು, ಕೆಡುವವರೆಗೂ ಕಾದು, ಎಷ್ಟು ಕೆಟ್ಟಿತು ಎಂದು ಬರೆದುಕೊಳ್ಳುವುದು ಅವಳ ಕೆಲಸ. ಅದೇ ಪ್ರಯೋಗ ಮನೆಯಲ್ಲೂ ನಡೆದಿತ್ತು, ಅಪ್ಪನ ಮೇಲೆ.

ಅಮ್ಮನಿಗೆ ಹೇಳುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ. ಹೇಳಿದರೆ ಅಮ್ಮ ಕುಸಿದುಹೋಗುತ್ತಾಳೆ. ಹೇಳದಿದ್ದರೆ ಮುಂದಿನ ಸೀಸೆಯೂ ಸೂಜಿಗೇ ಹೋಗುತ್ತದೆ, ಮತ್ತೆ ಬಿದ್ದರೆ ಅಪ್ಪ ಏಳುತ್ತಾನೆ ಎಂಬ ಭರವಸೆ ಇಲ್ಲ.

ಅಪ್ಪ ಮನೆಗೆ ಬರುವ ಮುಂಚೆಯೇ ಅಮ್ಮ ತೀರ್ಮಾನ ಮಾಡಿಬಿಟ್ಟಿದ್ದಳು. ಆ ಮಿಷನ್ ಇನ್ನು ಈ ಹೊಸಿಲು ತುಳಿಯಕೂಡದು. ಮುಖ ನೋಡಿದರೆ ತನಗೇ ಗೊತ್ತಾಗುತ್ತದೆ, ಅಂದೂ ಗೊತ್ತಾಗಿತ್ತು, ಸುಳ್ಳು ಹೇಳಿದ್ದು ಮಿಷನ್ನು. ಅವಳ ಮಾತಿನಲ್ಲಿ ಅರ್ಧ ನಿಜ ಇತ್ತು. ಅದೇ ಕಷ್ಟವಾಗಿತ್ತು. ಏರಿದ ಸಕ್ಕರೆ ಎಷ್ಟೋ ಸಲ ಮುಖದಲ್ಲಿ ಕಾಣುವುದಿಲ್ಲ, ಒಳಗೊಳಗೇ ಕಣ್ಣು ತಿನ್ನುತ್ತದೆ, ಮೂತ್ರಪಿಂಡ ತಿನ್ನುತ್ತದೆ ಎಂದು ನರ್ಸಮ್ಮ ಹೇಳಿದ್ದು ಅಮ್ಮನ ಕಿವಿಗೆ ಹೋಗಲಿಲ್ಲ.

ಮಗಳು ವಾದಕ್ಕೆ ನಿಲ್ಲಲಿಲ್ಲ. ಔಷಧಿ ಅಂಗಡಿಯಿಂದ ಹೊಸ ಸೀಸೆ ತಂದಿದ್ದಳು. ಅಮ್ಮನ ಎದುರು ಕೂತು, ಕೈ ತೊಳೆದು ಒರೆಸಿ, ತನ್ನದೇ ಬೆರಳು ಚುಚ್ಚಿಕೊಂಡಳು. ಹೊಸ ಸೀಸೆಯ ಸ್ಟ್ರಿಪ್: ತೊಂಬತ್ತನಾಲ್ಕು. ಅದೇ ಬೆರಳು, ತಗಡಿನ ಡಬ್ಬಿಯ ಸ್ಟ್ರಿಪ್: ಇನ್ನೂರ ಹನ್ನೊಂದು. ಡಬ್ಬಿಯಿಂದ ಇನ್ನೊಂದು: ನೂರ ಅರವತ್ತೆಂಟು.

ಅಮ್ಮ ಮಿಷನ್ನನ್ನೇ ನೋಡಿದಳು. ಆಮೇಲೆ ಡಬ್ಬಿ ನೋಡಿದಳು.

“ಬೆರಳು ಒಂದೇ,” ಅಂದಳು.

“ಹೂಂ.”

“ಮಿಷನ್ನೂ ಒಂದೇ.”

ಅಮ್ಮ ಎದ್ದುಹೋಗಿ ಸೂಜಿಯ ಸೀಸೆ ತಂದಳು. ಮುಚ್ಚಳ ತೆಗೆದು ಸೂಜಿಗಳನ್ನು ಅಂಗೈಗೆ ಸುರಿದುಕೊಂಡಳು. ಒಂದಕ್ಕೂ ತುಕ್ಕಿರಲಿಲ್ಲ.

“ಇದರೊಳಗೆ ಏನಿದೆ, ತುಕ್ಕು ಹಿಡಿಯದ ಹಾಗೆ?”

ತೇವ ಹೀರುವ ಮದ್ದನ್ನು ಸೀಸೆಯಲ್ಲೇ ಸೇರಿಸಿರುತ್ತಾರೆ ಎಂದಳು ಮಗಳು.

“ಅಂದ್ರೆ ಅದು ಸ್ಟ್ರಿಪ್ಪಿಗೆ ಅಂತ ಮಾಡಿದ್ದು. ನಾನು ಸೂಜಿ ಉಳಿಸಿಕೊಂಡೆ.” ಅಮ್ಮನ ದನಿ ಏರಲಿಲ್ಲ. “ನೀನು ಮುಚ್ಚಳ ಹಾಕಿಡಿ ಅಂದಿದ್ದೆ ಕಣೇ. ನಾನು ಹಾಕ್ತಿದ್ದೆ. ಡಬ್ಬಿ ಮುಚ್ಚಳ ಒಂದು ದಿನವೂ ತೆರೆದಿಟ್ಟಿಲ್ಲ.”

“ಹಾಕಿಡಿ ಅಂದೆ ಅಮ್ಮ. ಯಾಕೆ ಅಂತ ಹೇಳಲಿಲ್ಲ. ಸಭೆಗಳಲ್ಲಿ ಇದನ್ನೇ ಗಂಟೆಗಟ್ಟಲೆ ಹೇಳ್ತೀನಿ, ಮನೇಲಿ ಹೇಳಲಿಲ್ಲ.”

ಅಮ್ಮ ಅಳಲಿಲ್ಲ. ಸೂಜಿಗಳನ್ನು ತಗಡಿನ ಡಬ್ಬಿಗೆ ಹಾಕಿದಳು. ಉಳಿದ ಸ್ಟ್ರಿಪ್ಪುಗಳನ್ನು ಒಂದೊಂದಾಗಿ ಮುರಿದು ಕಸಕ್ಕೆ ಎಸೆದಳು.

ಅಪ್ಪ ಮನೆಗೆ ಬಂದ. ಬಲಗೈಯ ಬಾಗಿದ ಎರಡು ಬೆರಳು ನೆಟ್ಟಗಾಗಲಿಲ್ಲ, ಆಗುವುದೂ ಇಲ್ಲ. ಈಗ ಇಸ್ತ್ರಿ ಪೆಟ್ಟಿಗೆ ಹಿಡಿಯುವವಳು ಅಮ್ಮ. ಅಪ್ಪ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಗುಂಡಿ ಹಾಕಲು ಕಲಿಯುತ್ತಿದ್ದಾನೆ. ಸೂಜಿಗೆ ದಾರ ಪೋಣಿಸಿಕೊಡಲು ಅವಳನ್ನೇ ಕೂಗಬೇಕು. ಗಿರಾಕಿಗಳು ಕಮ್ಮಿಯಾಗಿದ್ದಾರೆ. ಅಮ್ಮನ ಮಡಿಕೆಯಲ್ಲಿ ಅಪ್ಪನದರಷ್ಟು ಗೆರೆ ಕೂರುವುದಿಲ್ಲ. ಅಪ್ಪ ಅದನ್ನು ನೋಡಿ ಮತ್ತೆ ಗುಂಡಿಯತ್ತ ಬಗ್ಗುತ್ತಾನೆ.

ಸ್ಟ್ರಿಪ್ಪಿನ ಸೀಸೆಗೆ ಈಗ ಒಳಕೋಣೆಯ ಕಪಾಟಿನಲ್ಲಿ ಜಾಗ. ಅಲ್ಲಿಗೆ ಹಬೆ ಬರುವುದಿಲ್ಲ. ದಿನವೂ ಬೆಳಗ್ಗೆ ಅಮ್ಮನೇ ಅಪ್ಪನ ಬೆರಳು ಒರೆಸಿ ಚುಚ್ಚುತ್ತಾಳೆ. ಸ್ಟ್ರಿಪ್ ಹೊರಗೆ ಬಂದ ತಕ್ಷಣ ಮುಚ್ಚಳ ಒತ್ತುತ್ತಾಳೆ. ಟಕ್ ಎಂದ ಮೇಲೂ ಇನ್ನೊಮ್ಮೆ ಒತ್ತಿ ನೋಡುತ್ತಾಳೆ.

ತೇವಕ್ಕೆ ಬಗ್ಗದ ನಿನ್ನ ಸ್ಟ್ರಿಪ್ ಯಾವಾಗ ಬರುತ್ತೆ ಡಾಕ್ಟರಮ್ಮ ಎಂದು ಅಪ್ಪ ಒಮ್ಮೆ ಕೇಳಿದ. ಇನ್ನೂ ತಡ ಅಪ್ಪ, ಬರುತ್ತೋ ಇಲ್ಲವೋ ಅದೂ ಗೊತ್ತಿಲ್ಲ ಎಂದಳು ಮಗಳು. ಅಪ್ಪ ತಲೆಯಾಡಿಸಿದ. ಒಳಕೋಣೆಯಿಂದ ಮುಚ್ಚಳದ ಸದ್ದು ಎರಡು ಸಲ ಕೇಳಿಸಿತು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬೆರಳು ಚುಚ್ಚಿ ಸಕ್ಕರೆ ನೋಡುವವರು ಇರಬಹುದು. ಇವತ್ತೇ ಎದ್ದುಹೋಗಿ ಸ್ಟ್ರಿಪ್ಪುಗಳು ಎಲ್ಲಿವೆ ನೋಡಿ. ಅವು ಬಂದ ಸೀಸೆಯಲ್ಲೇ ಇರಬೇಕು. ಒಲೆ, ಬಚ್ಚಲು, ಬಿಸಿಲು ತಾಗುವ ಕಿಟಕಿ ಇವುಗಳ ಹತ್ತಿರ ಬೇಡ, ಫ್ರಿಜ್ಜಿನಲ್ಲೂ ಬೇಡ. ಸೀಸೆಯ ಮೇಲಿನ ತಾರೀಕು ಮುಗಿದಿದ್ದರೆ ಎಸೆಯಿರಿ. ತೆರೆದ ಮೇಲೆ ಎಷ್ಟು ಕಾಲ ಬಳಸಬಹುದು ಎಂಬುದೂ ಅದರ ಮೇಲೇ ಇರುತ್ತದೆ. ಖಾಲಿಯಾದ ಸೀಸೆ ಬೇಕಿದ್ದರೆ ಸೂಜಿಗೆ ಇಟ್ಟುಕೊಳ್ಳಿ, ತುಂಬಿದ್ದನ್ನು ಮುಟ್ಟಬೇಡಿ.

ಕೈ ನಡುಗಿ, ಮೈ ಬೆವರಿ, ಮಾತು ತಡವರಿಸುತ್ತಿದ್ದರೆ, ಅತ್ತ ಮಿಷನ್ ಮಾತ್ರ ಸಕ್ಕರೆ ಏರಿದೆ ಅನ್ನುತ್ತಿದ್ದರೆ, ಆ ಅಂಕಿ ನಂಬಿ ಇನ್ಸುಲಿನ್ ಚುಚ್ಚಬೇಡಿ. ಕೈ ತೊಳೆದು ಒರೆಸಿ ಹೊಸ ಸೀಸೆಯ ಸ್ಟ್ರಿಪ್ಪಿನಲ್ಲಿ ಮತ್ತೆ ನೋಡಿ. ಅದು ಕೈಗೆ ಸಿಗದಿದ್ದರೆ, ಎಚ್ಚರವಿದ್ದು ನುಂಗಬಲ್ಲವರಿಗೆ ಸಕ್ಕರೆ ನೀರು ಕೊಟ್ಟು ವೈದ್ಯರ ಬಳಿ ಹೋಗಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕದೆ ನೇರ ಆಸ್ಪತ್ರೆಗೆ ಒಯ್ಯಿರಿ.

ಮನೆಯವರಿಗೆ ಮುಚ್ಚಳ ಹಾಕಿ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಯಾಕೆ ಎಂದೂ ಹೇಳಿ.