ಲಂಬರ್ ಹದಿನೇಳು

ಮಾರ್ಕೆಟ್ ಯಾರ್ಡಿನ ಆ ಅಡತಿ ಅಂಗಡಿಯಲ್ಲಿ ಹೊರೆ ಹೊತ್ತವರು ಹೊಸ್ತಿಲು ದಾಟುವಾಗ ತಮ್ಮ ಬಿಲ್ಲೆಯ ನಂಬರು ಕೂಗಬೇಕು. ಯಮನವ್ವ ‘ಲಂಬರ್ ಹದಿನೇಳು’ ಎಂದು ಕೂಗುತ್ತಿದ್ದಳು. ಲೆಕ್ಕ ಬರೆಯುವ ದಿವಾಣಜಿ ರಾಮಲಿಂಗಪ್ಪನಿಗೆ ಅದೊಂದು ಆಟ. ಹೋಳಿಯ ಮುಂಚಿನ ದಿನ, ಗಿರಾಕಿಗಳು ನೆರೆದಿದ್ದಾಗ, ತಲೆಯ ಮೇಲಿನ ಆಲೂಗಡ್ಡೆ ಬುಟ್ಟಿಯ ಸಮೇತ ಅವಳನ್ನು ಹೊಸ್ತಿಲಲ್ಲೇ ತಡೆದ. ಹತ್ತು ಸಲ ಸರಿಯಾಗಿ ‘ನಂಬರ್’ ಅಂದರೇ ಒಳಗೆ ಬಿಡುತ್ತೇನೆ ಎಂದ. ಹತ್ತೂ ಸಲ ಲಂಬರೇ ಬಂತು. ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಅವಳ ಕುತ್ತಿಗೆ ಉಳುಕಿತು. ಅಂದಿನಿಂದ ಅವಳು ಹೊರೆ ಎತ್ತಿಲ್ಲ.

ಒಮ್ಮೆಯಾದರೂ ಅವನಂತೆ ಅನ್ನಬಾರದಿತ್ತೇ ಎಂದು ಮಗ ಧರ್ಮರಾಜ ಅವಳ ಮೇಲೆಯೇ ಸಿಡುಕಿದ್ದ.

“ಅವನಂಗ ‘ನಂ’ ಅನ್ನಾಕ ಎರಡು ಸಲ ಮೂಗು ಬೇಕೋ ಯಪ್ಪಾ. ಹೊರಿ ಹೊತ್ತಾಗ ಮೂಗು ಉಸಿರಿಗೇ ಸಾಲೂದಿಲ್ಲ. ಒಂದು ಸಲದ್ದು ನಾಲಗಿ ಮ್ಯಾಲ ಹಾಕಿದ್ರ ನಡೀತದ.”

ಆರನೇ ಇಯತ್ತೆಗೇ ಶಾಲೆ ಬಿಟ್ಟ ಧರ್ಮರಾಜನಿಗೆ ಬಾಯಿಪಾಠವಾದ ಪಾಠ ಅದೊಂದೇ. ಅವ್ವನ ಬಿಲ್ಲೆಯನ್ನೇ ಕಟ್ಟಿಕೊಂಡು ಅದೇ ಅಂಗಡಿಗೆ ಹಮಾಲಿಗೆ ಸೇರಿದ. ಏಳು ತಿಂಗಳು ಹಲ್ಲು ಕಚ್ಚಿ ಕಾದ.

ದಸರೆಯ ಖಂಡೆ ಪೂಜೆಗೆ ಅಲ್ಲೊಂದು ಪದ್ಧತಿ. ಹಮಾಲರ ಚೀಲ ಎತ್ತುವ ಕೊಂಡಿಗಳಿಗೆ ಕುಂಕುಮ ಹಚ್ಚಿದ ಮೇಲೆ ಮೊದಲ ಚೀಲವನ್ನು ದಿವಾಣಜಿಯೇ ಹೊತ್ತು, ನಂಬರು ಕೂಗಿ, ಹೊಸ್ತಿಲು ದಾಟಬೇಕು. ನಡುವೆ ಇಳಿಸಿದರೆ ಅಪಶಕುನ. ಹಾಗಾದ ವರ್ಷ ಯಾವ ಹಮಾಲನೂ ಅಲ್ಲಿ ಕೊಂಡಿ ಮುಟ್ಟುವುದಿಲ್ಲ. ಪ್ರತಿ ವರ್ಷ ಚುರುಮುರಿಯ ಚೀಲ ಹೊರಿಸುತ್ತಿದ್ದರು. ಈ ಸಲ ಹೊರಿಸುವ ಪಾಳಿ ಧರ್ಮರಾಜನದು. ಅವನು ಎತ್ತಿಟ್ಟದ್ದು ಐವತ್ತು ಕಿಲೋ ಉಳ್ಳಾಗಡ್ಡಿ.

ಭಾರಕ್ಕೆ ರಾಮಲಿಂಗಪ್ಪ ಗೋಡೆಗೆ ಕೈ ಕೊಟ್ಟ. ಇಳಿಸಲು ಬಗ್ಗಿದವನು ಗಾದಿಯ ಮೇಲಿನ ಮಾಲೀಕನ ಕಣ್ಣು ಕಂಡು ಹಾಗೇ ನಿಂತ. ಹೊಸ್ತಿಲಿಗೆ ಧರ್ಮರಾಜ ಅಡ್ಡ ಬಂದ.

“ಹದಿನೇಳು ಕೂಗ್ರಿ, ದಿವಾಣಜಿ. ಹತ್ತು ಸಲ.”

“ದಾರಿ ಬಿಡೋ.”

“ನಮ್ಮವ್ವಗ ಬಿಟ್ಟಿದ್ರೇನ್ರಿ?”

ರಾಮಲಿಂಗಪ್ಪ ಕೂಗತೊಡಗಿದ. ಮೊದಲೆರಡು ಸಲ ನಂಬರೇ ಬಂತು. ಮೂರನೆಯದಕ್ಕೆ ಉಸಿರು ಸಾಲದೆ ನಾಲಿಗೆ ತಾನಾಗಿ ಜಾರಿತು: ಲಂಬರ್. ಮುಂದೆ ಎಲ್ಲವೂ ಲಂಬರೇ. ಧರ್ಮರಾಜ ಒಂದೊಂದೇ ಬೆರಳು ಮಡಚಿದ. ಹತ್ತನೆಯದು ಮಡಚಿದ ಮೇಲೆಯೇ ಸರಿದ.

ಸಂಜೆ ಯಮನವ್ವ ಕುತ್ತಿಗೆಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತ ಎಲ್ಲವನ್ನೂ ಕೇಳಿದಳು. ದಿವಾಣಜಿಯ ಕುತ್ತಿಗೆಯೂ ಉಳುಕಿತೇ ಎಂದಳು. ನಾಳೆ ತಿಳಿಯುತ್ತದೆ ಎಂದ ಮಗ.

ಅವಳು ಗಂಟನ್ನು ಬದಿಗಿಟ್ಟಳು.

“ಚೀಲ ಏರಿಸಿದಿ ನೋಡು, ಅಲ್ಲಿಂದ ಇನ್ನೊಮ್ಮಿ ಹೇಳು.”